ಡಾರ್ವಿನ್‌ನಿಂದ ಕ್ಯಾಥರೀನ್‌ಗೆ ಬಸ್ಸಿನಲ್ಲಿ: ದಾರಿಯುದ್ದಕ್ಕೂ ಏನನ್ನು ನೋಡಬೇಕು?

ಪ್ರಶ್ನೆ

ಬರುವ ಜುಲೈಯಲ್ಲಿ ತಂದೆತಾಯಿಯರೊಂದಿಗೆ ಮೆಲ್ಬರ್ನ್‌ನಿಂದ ಆಸ್ಟ್ರೇಲಿಯಾದ ಉತ್ತರ ತುದಿಗೆ ಹೋಗುವವಳಿದ್ದೇನೆ. ಡಾರ್ವಿನ್‌ನಿಂದ ಕ್ಯಾಥರೀನ್‌ವರೆಗಿನ ಸುಮಾರು 320 ಕಿಲೋಮೀಟರ್ ದಾರಿಯನ್ನು ಬಸ್ಸಿನಲ್ಲೇ ಕ್ರಮಿಸಿ, ಇನ್ನೊಂದು ದಿನ ಕಾಕಡು ರಾಷ್ಟ್ರೀಯ ಉದ್ಯಾನಕ್ಕೆ ಪ್ರವಾಸಿ ಬಸ್ಸಿನಲ್ಲಿ ಹೋಗುವ ಯೋಚನೆಯಿದೆ. ಬಂಡೀಪುರದ ರಸ್ತೆಯಲ್ಲಿ ಬಸ್ಸಿನಿಂದಲೇ ಆನೆ, ಜಿಂಕೆಗಳನ್ನು ಕಂಡಿರುವ ತಂದೆಯವರು ಇಲ್ಲಿಯೂ ಹಾಗೆ ಪ್ರಾಣಿಗಳು ಕಾಣುವವೇ ಎಂದು ಕೇಳುತ್ತಿದ್ದಾರೆ. ಆ ತಿಂಗಳಲ್ಲಿ ತೆಗೆದ ಚಿತ್ರಗಳಲ್ಲಿ ರಸ್ತೆಬದಿಯ ನೆಲ ಸುಟ್ಟು ಕಪ್ಪಾಗಿರುವುದನ್ನು ನೋಡಿ ನನಗೆ ಆತಂಕವಾಗಿದೆ. ಬಲ್ಲವರು ತಿಳಿಸಬೇಕೆಂದು ವಿನಂತಿ.

ಮೊದಲ ಉತ್ತರ

ಹಗಲಿನ ಬಸ್ಸಿನಿಂದ ದೊಡ್ಡ ಪ್ರಾಣಿಗಳನ್ನು ಹೆಚ್ಚಾಗಿ ನಿರೀಕ್ಷಿಸಬೇಡಿ. ಕಾಂಗರೂವಿನ ಬಳಗದ ವಾಲಬಿಗಳು ಬಿಸಿಲು ಏರಿದೊಡನೆ ನೆರಳು ಸೇರುತ್ತವೆ. ಮುಂಜಾನೆ ಮತ್ತು ಮುಸ್ಸಂಜೆಯಲ್ಲಿ ಮಾತ್ರ ರಸ್ತೆಯಂಚಿಗೆ ಮೇಯಲು ಬರುತ್ತವೆ. ಆದರೆ ಆ ಕಾಡನ್ನೇ ನೋಡಲು ಕಲಿತರೆ ದಾರಿ ಎಲ್ಲಿಯೂ ಬರಿದೆನಿಸುವುದಿಲ್ಲ.

ನೀವು ಕಂಡ ಕಪ್ಪು ನೆಲ ಅನಾಹುತದ ಗುರುತಲ್ಲ. ನಮ್ಮ ಜೋಳಕ್ಕೆ ಹತ್ತಿರದ ಸಂಬಂಧಿಯಾದ ಒಂದು ಹುಲ್ಲು ಮಳೆಗಾಲದಲ್ಲಿ ಆಳೆತ್ತರ ಬೆಳೆದು, ಏಪ್ರಿಲ್ ಹೊತ್ತಿನ ಬಿರುಗಾಳಿಗೆ ನೆಲಕ್ಕೊರಗಿ ಒಣಗುತ್ತದೆ. ಅದನ್ನು ಅಕ್ಟೋಬರಿನವರೆಗೆ ಹಾಗೆಯೇ ಬಿಟ್ಟರೆ ಮರದ ತುದಿಯವರೆಗೂ ಉರಿಯುವ ಬೆಂಕಿಗೆ ಮೇವಾಗುತ್ತದೆ. ಆದುದರಿಂದ ಇಬ್ಬನಿ ಇನ್ನೂ ಬೀಳುವ ಮೇ, ಜೂನ್ ತಿಂಗಳುಗಳಲ್ಲೇ ಅಲ್ಲಲ್ಲಿ ಸಣ್ಣ ಬೆಂಕಿ ಹಚ್ಚಿ ಹುಲ್ಲನ್ನು ತುಂಡುತುಂಡಾಗಿ ಸುಡುವ ಪದ್ಧತಿಯನ್ನು ಅಲ್ಲಿನ ಮೂಲನಿವಾಸಿಗಳು ಸಾವಿರಾರು ವರ್ಷಗಳಿಂದ ನಡೆಸಿಕೊಂಡು ಬಂದಿದ್ದಾರೆ, ಕಾಕಡುವಿನ ಅರಣ್ಯ ಸಿಬ್ಬಂದಿ ಇಂದಿಗೂ ಅದನ್ನೇ ಅನುಸರಿಸುತ್ತಾರೆ. ಹೊಗೆ ಕಂಡಲ್ಲಿ ಮೇಲೆ ನೋಡಲು ತಂದೆಯವರಿಗೆ ಹೇಳಿ: ಬೆಂಕಿಯಿಂದ ಹೊರಬೀಳುವ ಮಿಡತೆ, ಹಲ್ಲಿಗಳಿಗಾಗಿ ಹದ್ದುಗಳು ಗುಂಪಾಗಿ ಸುತ್ತುತ್ತಿರುತ್ತವೆ. ನಮ್ಮ ಊರುಗಳ ಮೇಲೆ ಹಾರುವ ಕಂದುಹದ್ದಿನ ಪ್ರಭೇದವೇ ಅಲ್ಲಿಯೂ ಇದೆ ಎಂಬುದು ಅವರಿಗೆ ಖಂಡಿತ ಸಂತೋಷ ಕೊಡುತ್ತದೆ.

ಹುಲ್ಲು ಸುಟ್ಟುಹೋದ ಮೇಲೆಯೇ ಹುತ್ತಗಳು ಸ್ಪಷ್ಟವಾಗಿ ಕಾಣುವುದು. ನೀಲಗಿರಿ ಜಾತಿಯ ಮರಗಳ ನಡುವೆ ಗೋಪುರದಂತೆ ನಿಂತ ಕೆಂಪು ಹುತ್ತಗಳಲ್ಲಿ ಕೆಲವು 5 ಮೀಟರಿಗಿಂತ ಎತ್ತರ. ಬೇರೆ ಜಾತಿಯ ಗೆದ್ದಲುಗಳು ಅಲ್ಲಿನ ಮರಗಳ ತಿರುಳನ್ನು ತಿಂದು ಪೊಟರೆ ಮಾಡುತ್ತವೆ, ಆ ಪೊಟರೆಗಳಲ್ಲಿ ಕಾಕಟೂಗಳು ಗೂಡು ಕಟ್ಟುತ್ತವೆ. ಪೈನ್ ಕ್ರೀಕ್ ಊರಿನ ಸುತ್ತ ಕಾಣುವ ಒಂದು ಅಪರೂಪದ ಗಿಳಿಯಂತೂ ಹುತ್ತವನ್ನೇ ಕೊರೆದು ಮೊಟ್ಟೆ ಇಡುತ್ತದೆ. ನನ್ನ ಮಟ್ಟಿಗೆ ಆ ರಸ್ತೆಯಲ್ಲಿ ನೋಡಲೇಬೇಕಾದದ್ದು ಗೆದ್ದಲಿನ ಈ ಕೆಲಸ.

ಎರಡನೆಯ ಉತ್ತರ

ಮೇಲಿನವರು ಹೇಳಿದ್ದಕ್ಕೆ ಒಂದು ಸೇರ್ಪಡೆ. ಉತ್ತರ ದಕ್ಷಿಣವಾಗಿ ಹಲಗೆಯಂತೆ ತೆಳ್ಳಗೆ ನಿಲ್ಲುವ ಪ್ರಸಿದ್ಧ ಹುತ್ತಗಳನ್ನು ಹತ್ತಿರದಿಂದ ನೋಡಬೇಕಾದರೆ ಹೆದ್ದಾರಿಯನ್ನು ಬಿಟ್ಟು ಲಿಚ್‌ಫೀಲ್ಡ್ ಉದ್ಯಾನಕ್ಕೆ ಹೋಗಬೇಕು. ಬೆಳಗಿನ ಮತ್ತು ಸಂಜೆಯ ಬಿಸಿಲು ಅವುಗಳ ಅಗಲವಾದ ಮೈಗೆ ತಾಗುತ್ತದೆ, ನಡುಹಗಲಿನ ಬಿಸಿಲು ತೆಳುವಾದ ಅಂಚಿಗೆ ಮಾತ್ರ ಬೀಳುತ್ತದೆ. ಹೀಗಾಗಿ ಒಳಗಿನ ಬಿಸಿ ಮಿತಿಮೀರುವುದಿಲ್ಲ.

ಕಾಕಡುವಿನ ದಾರಿಯಾದರೋ ನೀರಿನದು. ಅಡಿಲೇಡ್ ನದಿಯ ಬಯಲಿಗೆ ಇಳಿದೊಡನೆ ಮರಗಳು ವಿರಳವಾಗಿ, ಕೇದಗೆಯ ಜಾತಿಯ ಗಿಡಗಳು ನೀರಿನಂಚಿನಲ್ಲಿ ಕಾಣತೊಡಗುತ್ತವೆ. ಯೆಲ್ಲೋ ವಾಟರ್ ಎಂಬಲ್ಲಿ ದೋಣಿಯಿಂದ ಉಪ್ಪುನೀರಿನ ಮೊಸಳೆ, ತಾವರೆ ಎಲೆಗಳ ಮೇಲೆ ನಡೆಯುವ ಜಕಾನಾ, ಭಾರತದಲ್ಲಿಯೂ ಇರುವ ಕಪ್ಪುಕತ್ತಿನ ಕೊಕ್ಕರೆ ಇವೆಲ್ಲ ಕಾಣಸಿಗುತ್ತವೆ. ಬೇಟೆಯಿಂದ ಬಹಳ ಕಡಿಮೆಯಾಗಿದ್ದ ಆ ಮೊಸಳೆಗಳಿಗೆ 1971ರಲ್ಲಿ ಆ ಪ್ರಾಂತ್ಯದಲ್ಲಿ ರಕ್ಷಣೆ ದೊರೆತ ಮೇಲೆ ಸಂತತಿ ಚೇತರಿಸಿಕೊಂಡಿದೆ. ನೀರು ಎಷ್ಟೇ ತಿಳಿಯಾಗಿ ಕಂಡರೂ ಅಂಚಿಗೆ ಹೋಗಬೇಡಿ. ಸಾವಿರಗಟ್ಟಲೆ ಹೆಬ್ಬಾತುಗಳು ಉಳಿದ ನೀರಿನ ಸುತ್ತ ನೆರೆಯುವುದು ಸೆಪ್ಟೆಂಬರಿನ ಹೊತ್ತಿಗೆ. ಆಗ ಸೆಕೆ ವಿಪರೀತವಾಗಿರುವುದರಿಂದ ಹಿರಿಯರೊಂದಿಗೆ ಜುಲೈಯಲ್ಲಿ ಹೋಗುವುದೇ ಸರಿ.

ಮೂರನೆಯ ಉತ್ತರ

ಕ್ಯಾಥರೀನ್‌ಗೆ ಬೆಳಗಿನ ಬಸ್ಸಾದರೆ ಬಲಗಡೆಯ ಆಸನಗಳನ್ನು ಕೇಳಿ ಪಡೆಯಿರಿ. ಬಸ್ಸು ದಕ್ಷಿಣಕ್ಕೆ ಸಾಗುವುದರಿಂದ ಬಿಸಿಲು ಎಡಗಡೆಯಿಂದ ಬರುತ್ತದೆ, ಬಲಗಡೆಯ ಹುತ್ತ ಮತ್ತು ಮರಗಳ ಮೇಲೆ ಬೆಳಕು ಚೆನ್ನಾಗಿ ಬೀಳುತ್ತದೆ. ವಾಲಬಿಗಳನ್ನು ನೋಡುವ ಆಸೆ ತಂದೆಯವರಿಗಿದ್ದರೆ ಕ್ಯಾಥರೀನ್‌ನಲ್ಲಿ ಒಂದು ರಾತ್ರಿ ತಂಗಿ, ಅಲ್ಲಿಂದ ಸುಮಾರು 30 ಕಿಲೋಮೀಟರ್ ದೂರದ ನಿಟ್‌ಮಿಲುಕ್ ಕಣಿವೆಯ ಬಳಿ ಸಂಜೆಯ ಹೊತ್ತಿಗೆ ಇರುವಂತೆ ವ್ಯವಸ್ಥೆ ಮಾಡಿಕೊಳ್ಳಿ.