ಹಳೆಯ ಅಮೆರಿಕನ್ ತಾಮ್ರದ ಸೆಂಟ್ ಕೊಳ್ಳುವಾಗ ದರ್ಜೆಯನ್ನು ಅಳೆಯುವುದು ಹೇಗೆ?

ಪ್ರಶ್ನೆ:
ಫಿಲಡೆಲ್ಫಿಯಾ ಸಮೀಪಕ್ಕೆ ಬಂದು ಎರಡು ವರ್ಷವಾಯಿತು. ಮೈಸೂರಿನಲ್ಲಿದ್ದಾಗ ಟಿಪ್ಪುವಿನ ಕಾಲದ, ಆನೆಯ ಚಿತ್ರವಿರುವ ತಾಮ್ರದ ಕಾಸುಗಳನ್ನು ಕೂಡಿಸುತ್ತಿದ್ದೆ. ಈಗ 1793ರಿಂದ 1857ರವರೆಗೆ ಇಲ್ಲಿನ ಟಂಕಸಾಲೆಯಲ್ಲಿ ಅಚ್ಚಾದ ದೊಡ್ಡ ಸೆಂಟ್‌ಗಳತ್ತ ಮನಸ್ಸು ಹರಿದಿದೆ. ಕಳೆದ ವಾರ ನಾಣ್ಯ ಮೇಳವೊಂದರಲ್ಲಿ 1802ರ ಸೆಂಟ್ ಒಂದನ್ನು ನೋಡಿದೆ. ಮಾರುವವರು ಅದನ್ನು ವಿಎಫ್ 30 (ವೆರಿ ಫೈನ್, 70ರವರೆಗಿನ ದರ್ಜೆಯ ಅಳತೆಯಲ್ಲಿ 30) ಎಂದರು. ಪಕ್ಕದ ಮೇಜಿನ ಹಿರಿಯರೊಬ್ಬರು ಅದಕ್ಕಿಂತ ಕೆಳಗಿನ ಫೈನ್ 12ರ ಬೆಲೆಗಿಂತ ಹೆಚ್ಚು ಕೊಡಬೇಡಿ ಎಂದರು. ಯಾರ ಮಾತನ್ನು ನಂಬಬೇಕು? ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ:
ಇಬ್ಬರ ಮಾತೂ ಸರಿಯಿರಬಹುದು. ಮಾರುವವರು ಹೇಳಿದ್ದು ಸವೆತದ ಲೆಕ್ಕ. ಹಿರಿಯರು ಹೇಳಿದ್ದು ಆ ಲೆಕ್ಕದಿಂದ ಮೈಮೇಲಿನ ದೋಷಗಳನ್ನು ಕಳೆದ ಮೇಲೆ ಉಳಿಯುವ ನಿವ್ವಳ ದರ್ಜೆ. 1967ರಲ್ಲಿ ಆರಂಭವಾದ 'ಅರ್ಲಿ ಅಮೆರಿಕನ್ ಕಾಪರ್ಸ್' ಸಂಘದವರು ಪಾಲಿಸುವುದು ಈ ಎರಡನೆಯ ಪದ್ಧತಿಯನ್ನು. ಮೊದಲು ಮುಂಭಾಗದ ಸ್ತ್ರೀಮುಖದ ಕೂದಲಿನ ಎಳೆಗಳು, ಹಿಂಭಾಗದ ಮಾಲೆಯ ಎಲೆಗಳ ನರಗಳು ಎಷ್ಟು ಉಳಿದಿವೆಯೆಂದು ನೋಡಿ ಒಂದು ಅಂಕ ಕೊಡುತ್ತಾರೆ. ಆಮೇಲೆ ಗೀರು, ಅಂಚಿನ ಪೆಟ್ಟು, ಸೂಜಿಮೊನೆಯಂಥ ರಂಧ್ರ, ಕಿಲುಬು, ಉಜ್ಜಿದ ಗುರುತು ಇವುಗಳಿಗೆ ತಕ್ಕಂತೆ ಅಂಕ ಇಳಿಸುತ್ತಾರೆ. ಆದ್ದರಿಂದಲೇ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮೊಹರಾಗಿ ಬರುವ ವಾಣಿಜ್ಯ ದರ್ಜೆಗಿಂತ ಇವರ ದರ್ಜೆ ಸಾಮಾನ್ಯವಾಗಿ ಕೆಳಗಿರುತ್ತದೆ. ಯಾವ ದರ್ಜೆಯ ಬೆಲೆಪಟ್ಟಿಯನ್ನು ಕೈಯಲ್ಲಿ ಹಿಡಿದಿದ್ದೀರಿ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳದಿದ್ದರೆ ಜೇಬಿಗೆ ಕತ್ತರಿ ಬೀಳುವುದು ಖಂಡಿತ.

ಅಂದಹಾಗೆ, ಈಗ ಅಮೆರಿಕದ ಎಲ್ಲ ನಾಣ್ಯಗಳಿಗೂ ಬಳಸುವ 1ರಿಂದ 70ರವರೆಗಿನ ಅಳತೆಯನ್ನು 1949ರಲ್ಲಿ ವಿಲಿಯಂ ಶೆಲ್ಡನ್ ರೂಪಿಸಿದ್ದೇ ಈ ಸೆಂಟ್‌ಗಳಿಗಾಗಿ. ಅದೇ ಮಹಾಶಯರು ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಯ ಒಳ್ಳೆಯ ಸೆಂಟ್‌ಗಳನ್ನು ತೆಗೆದುಕೊಂಡು ಆ ಜಾಗದಲ್ಲಿ ಕಡಿಮೆ ದರ್ಜೆಯವನ್ನು ಇಟ್ಟಿದ್ದರೆಂಬುದು ಅವರು ತೀರಿಕೊಂಡ ಮೇಲೆ ಸಾಬೀತಾಯಿತು. ಅಳತೆಗೋಲು ಕೊಟ್ಟವರ ಕೈಯೂ ಅಷ್ಟೊಂದು ಶುದ್ಧವಾಗಿರಲಿಲ್ಲ.

ನನ್ನ ಸಲಹೆ ಇಷ್ಟೇ: ತಾಮ್ರದಲ್ಲಿ ಮೊದಲು ಮೈಯನ್ನು ನೋಡಿ, ಅನಂತರ ಚಿತ್ರವನ್ನು ನೋಡಿ. ಹೆಚ್ಚು ಸವೆದಿದ್ದರೂ ನುಣುಪಾಗಿ, ಒಂದೇ ಸಮನಾದ ಕಂದು ಬಣ್ಣದಲ್ಲಿರುವ ನಾಣ್ಯವು, ಚಿತ್ರವೆಲ್ಲ ಸ್ಪಷ್ಟವಾಗಿದ್ದೂ ಮೈ ತರಿತರಿಯಾಗಿರುವ ನಾಣ್ಯಕ್ಕಿಂತ ಮೇಲು. ಆದರೆ ಈ ಮಾತನ್ನು ಎಲ್ಲ ವರ್ಷಗಳಿಗೂ ಒಂದೇ ತಕ್ಕಡಿಯಲ್ಲಿ ತೂಗಬಾರದು. 1808ರಿಂದ 1814ರವರೆಗಿನ ಸೆಂಟ್‌ಗಳು ಬಹುಪಾಲು ಕಪ್ಪಾಗಿಯೇ ಸಿಗುತ್ತವೆ. ಆ ವರ್ಷಗಳಲ್ಲಿ ನುಣುಪಾದ ಕಂದು ಮೈ ಸಿಕ್ಕರೆ ಹೆಚ್ಚು ಬೆಲೆ ಕೊಡುವುದು ತಪ್ಪಲ್ಲ. ಬ್ರಿಟನ್ನಿನೊಡನೆ ನಡೆದ ಯುದ್ಧದಿಂದ ತಾಮ್ರದ ಬಿಲ್ಲೆಗಳ ಆಮದು ನಿಂತುಹೋದದ್ದರಿಂದ 1815ರ ಇಸವಿಯ ಸೆಂಟೇ ಇಲ್ಲ. ಆ ಇಸವಿಯದ್ದೊಂದನ್ನು ಯಾರಾದರೂ ತೋರಿಸಿದರೆ ನಮಸ್ಕಾರ ಹೇಳಿ ಮುಂದೆ ನಡೆಯಿರಿ.

ಎರಡನೆಯ ಉತ್ತರ:
ನಾನು ಮಾಡಿದ ತಪ್ಪನ್ನು ಬರೆಯುತ್ತೇನೆ, ಬೇರೆಯವರು ಮಾಡದಿರಲಿ. ನನ್ನ ಮೊದಲ ಸೆಂಟ್ 1817ರದ್ದು. ಮನೆಯಲ್ಲಿ ಅಮ್ಮ ಪೂಜೆಯ ತಂಬಿಗೆಯನ್ನು ಹುಣಸೆಹಣ್ಣಿನಲ್ಲಿ ಉಜ್ಜಿ ಥಳಥಳಿಸುವಂತೆ ಮಾಡುತ್ತಿದ್ದುದನ್ನು ಕಂಡು ಬೆಳೆದವನು ನಾನು. ನಾಣ್ಯಕ್ಕೂ ಅದೇ ಸಂಸ್ಕಾರ ಮಾಡಿದೆ. ಇನ್ನೂರು ವರ್ಷಗಳಲ್ಲಿ ಕೂಡಿದ ಕಂದು ಪದರವನ್ನು ಹುಳಿ ಐದೇ ನಿಮಿಷದಲ್ಲಿ ತಿಂದುಹಾಕಿತು, ಕೆಳಗಿನಿಂದ ಮೀನಿನ ಮಾಂಸದಂಥ ಗುಲಾಬಿ ಬಣ್ಣ ಹೊರಬಂತು. ಅದನ್ನು ಹಿಂದಕ್ಕೆ ತರುವ ದಾರಿಯಿಲ್ಲ. ಗಾಳಿಯಲ್ಲಿಟ್ಟರೆ ಮತ್ತೆ ಕಪ್ಪಾಗುತ್ತದೆ ನಿಜ, ಆದರೆ ಆ ಕಪ್ಪು ಕಲೆಕಲೆಯಾಗಿರುತ್ತದೆ, ತಿಳಿದವರು ದೂರದಿಂದಲೇ ಗುರುತಿಸುತ್ತಾರೆ.

ಈಗ ನಾನು ಮಾಡುವುದು ಇಷ್ಟೇ. ಕೊಳೆಯಿದ್ದರೆ ಗಾಳಿಯಾಡುವ ಜಾಗದಲ್ಲಿ ಕೈಗವಸು ಹಾಕಿಕೊಂಡು ನಾಣ್ಯವನ್ನು ಕ್ಸೈಲೀನ್ ಎಂಬ ದ್ರಾವಕದಲ್ಲಿ ನೆನೆಸುತ್ತೇನೆ; ಅದು ಜಿಡ್ಡನ್ನು ಕರಗಿಸುತ್ತದೆಯೇ ಹೊರತು ತಾಮ್ರವನ್ನು ಮುಟ್ಟುವುದಿಲ್ಲ. ಒಣಗಿದ ಮೇಲೆ ಮೃದುವಾದ ಕೂದಲಿನ ಕುಂಚದಿಂದ ಮೆಲ್ಲಗೆ ಸವರುತ್ತೇನೆ. ಹತ್ತಿಬಟ್ಟೆಯ ಒಳಚೀಲದಲ್ಲಿಟ್ಟು, ಕಾಗದದ ಸಣ್ಣ ಲಕೋಟೆಗೆ ಹಾಕಿ, ಒಣಗಿದ ಜಾಗದಲ್ಲಿ ಇಡುತ್ತೇನೆ. ಪಿವಿಸಿ ಪ್ಲಾಸ್ಟಿಕ್ ಚೀಲ ಮಾತ್ರ ಬೇಡವೇ ಬೇಡ. ಅದರಿಂದ ಹಸಿರು ಅಂಟು ಹಿಡಿಯುತ್ತದೆ. ಯಾವಾಗಲೂ ಅಂಚನ್ನಷ್ಟೇ ಹಿಡಿಯಿರಿ, ಬೆರಳಿನ ಬೆವರೂ ತಾಮ್ರದ ಮೇಲೆ ಶಾಶ್ವತ ಗುರುತಾಗುತ್ತದೆ.

ಮೂರನೆಯ ಉತ್ತರ:
ದರ್ಜೆಯ ಜೊತೆಗೆ ಒಂದು ಸಣ್ಣ ತಕ್ಕಡಿಯನ್ನೂ ಇಟ್ಟುಕೊಳ್ಳಿ. 1795ರ ಕೊನೆಯಲ್ಲಿ ಸೆಂಟಿನ ತೂಕವನ್ನು 13.48 ಗ್ರಾಮಿನಿಂದ 10.89 ಗ್ರಾಮಿಗೆ ಇಳಿಸಿದರು. ಸವೆತಕ್ಕೆ ಸ್ವಲ್ಪ ಬಿಡಬೇಕು, ಆದರೆ ತೂಕ ತೀರ ಹೊಂದದಿದ್ದರೆ ಅಂಚನ್ನು ಭೂತಗನ್ನಡಿಯಲ್ಲಿ ಪರೀಕ್ಷಿಸಿ: ವಿದ್ಯುಲ್ಲೇಪನದಿಂದ ಎರಡು ಚಿಪ್ಪುಗಳನ್ನು ಮಾಡಿ ಬೆಸೆದ ನಕಲುಗಳಲ್ಲಿ ಅಂಚಿನ ಸುತ್ತ ಸಣ್ಣ ಹೊಲಿಗೆ ಕಾಣುತ್ತದೆ. 1799ರ ಸೆಂಟ್ ಅತಿ ವಿರಳವಾದ್ದರಿಂದ 1798ರ ಕೊನೆಯ ಅಂಕೆಯನ್ನು ಕೆತ್ತಿ ಒಂಬತ್ತು ಮಾಡಿದ ನಾಣ್ಯಗಳೂ ಓಡಾಡುತ್ತವೆ. ನಿಜವಾದ 1799ಕ್ಕೆ ಮುಂಭಾಗ-ಹಿಂಭಾಗದ ಎರಡೇ ಅಚ್ಚಿನ ಜೋಡಿಗಳು, ಶೆಲ್ಡನ್ ತಮ್ಮ ಪಟ್ಟಿಯಲ್ಲಿ ಕೊಟ್ಟ ಸಂಖ್ಯೆ 188 ಮತ್ತು 189. ಅಂಕೆಯೊಂದನ್ನೇ ನೋಡದೆ, ಅಕ್ಷರಗಳ ಅಂತರ, ಎಲೆಗಳ ತುದಿ ಯಾವ ಅಕ್ಷರದ ಕೆಳಗಿದೆ ಎಂಬುದನ್ನೆಲ್ಲ ಛಾಯಾಚಿತ್ರದೊಡನೆ ಹೋಲಿಸಬೇಕು.

ಮೊದಲ ಉತ್ತರದವರ ಒಂದು ಮಾತಿಗೆ ಮಾತ್ರ ನನ್ನ ಸಮ್ಮತಿಯಿಲ್ಲ. ಅಚ್ಚಿನ ಭೇದಗಳನ್ನು ಕಲಿಯಬೇಕೆನ್ನುವವರಿಗೆ ತರಿತರಿ ಮೈಯ ಅಗ್ಗದ ನಾಣ್ಯವೇ ಒಳ್ಳೆಯ ಪಾಠ. ನನ್ನ 1794ರ ಸೆಂಟ್‌ಗಳಲ್ಲಿ ಒಂದೂ ನಿವ್ವಳ 8ನ್ನು ದಾಟುವುದಿಲ್ಲ. ಆದರೂ ಅಚ್ಚು ಬಿರುಕುಬಿಟ್ಟು, ಆ ಬಿರುಕು ಒಂದು ನಾಣ್ಯದಿಂದ ಇನ್ನೊಂದಕ್ಕೆ ಬೆಳೆದದ್ದನ್ನು ಅವುಗಳಿಂದಲೇ ಓದಲು ಕಲಿತೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ವಂದನೆಗಳು. ಭಾನುವಾರ ಮತ್ತೆ ಹೋಗಿ 1802ರ ಸೆಂಟನ್ನು ತೂಗಿಸಿದೆ: 10.6 ಗ್ರಾಂ. ಕಿವಿಯ ಹಿಂದೆ ಕಿಲುಬಿದೆ, ಹಿಂಭಾಗದಲ್ಲಿ ಹಳೆಯ ಗೀರೊಂದಿದೆ. ಫೈನ್ 12ರ ಬೆಲೆಗೆ ಕೇಳಿದೆ, ಅವರು 15ರ ಬೆಲೆಗೆ ಬಂದರು, ಕೊಂಡೆ. ಹುಣಸೆಹಣ್ಣು ಸಾರಿಗೇ ಮೀಸಲು.