ದೊಡ್ಡಮ್ಮ, ಬ್ರೂನೋ ಊಟದ ವಿಷಯ

ದೊಡ್ಡಮ್ಮ, ಸ್ವಲ್ಪ ಉದ್ದ ಆಗಬಹುದು. ಅಡುಗೆ ಮಾಡುತ್ತಲೇ ಕೇಳಿ.

ನಿನ್ನೆ ನಮ್ಮ ಗ್ರೂಪ್‌ನಲ್ಲಿ ನೀವು ಹಾಕಿದ ನಿಮ್ಮ ನಾಯಿಯ ವಿಡಿಯೋ ನೋಡಿದೆ. ಬ್ರೂನೋ ಜಗಲಿಯ ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ಎರಡು ಸಲ ನಿಂತ. ಎಲ್ಲರೂ "ಗುಂಡಪ್ಪ, ಮುದ್ದು" ಅಂತ ಬರೆದಿದ್ದಾರೆ. ನನಗೆ ಸಂಕಟ ಆಯಿತು. ಮೈಸೂರಿನಲ್ಲಿ ನಮ್ಮ ರಾಜನೂ ಹೀಗೇ ಇದ್ದ. ಲ್ಯಾಬ್ರಡಾರ್ ಜಾತಿಯ ನಾಯಿ ಅಂದರೆ ದಪ್ಪಗೇ ಇರುತ್ತದೆ ಅಂತ ನಾನೂ ನಂಬಿದ್ದೆ. ಕೊನೆಕೊನೆಗೆ ಹೊಟ್ಟೆ ಕೆಳಗೆ ಟವೆಲ್ ಹಾಕಿ ಎತ್ತಿದರೆ ಮಾತ್ರ ಎದ್ದು ಹೊರಗೆ ಹೋಗುತ್ತಿದ್ದ.

ಆಮೇಲೆ ಒಂದು ವಿಷಯ ಓದಿದೆ. ಅಮೆರಿಕದಲ್ಲಿ 48 ಲ್ಯಾಬ್ರಡಾರ್ ಮರಿಗಳನ್ನು ಜೋಡಿ ಮಾಡಿ, ಪ್ರತಿ ಜೋಡಿಯಲ್ಲಿ ಒಂದಕ್ಕೆ 25% ಕಡಿಮೆ ಊಟ ಕೊಟ್ಟು ಬದುಕಿರುವವರೆಗೂ ನೋಡಿದರಂತೆ. ಫಲಿತಾಂಶ 2002ರಲ್ಲಿ ಬಂತು. ಕಡಿಮೆ ತಿಂದವು ಸುಮಾರು 1.8 ವರ್ಷ ಜಾಸ್ತಿ ಬದುಕಿದವು. ಕೀಲಿನ ತೊಂದರೆಯೂ ತಡವಾಗಿ ಬಂತು. ನಾಯಿಯ ಆಯಸ್ಸಿನಲ್ಲಿ ಅದು ಎಷ್ಟು ದೊಡ್ಡದು, ಅಲ್ವಾ? ಅದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ನೀವು "ನಾನು ಹೊತ್ತಿಗೆ ಒಂದೇ ಬಟ್ಟಲು ಹಾಕೋದು" ಅಂತ ಬರೆದಿದ್ದೀರಿ. ಅದು ನಿಜವೇ. ಆದರೆ ದೊಡ್ಡಪ್ಪ ಕಾಫಿ ಜೊತೆ ಬಿಸ್ಕತ್ತು ಕೊಡುತ್ತಾರೆ. ಅಜ್ಜಿ ಮುದ್ದೆ ಮುರಿದು ಹಾಕುತ್ತಾರೆ. ಮಕ್ಕಳು ಚಪಾತಿ ಕೊಡುತ್ತಾರೆ. ಆಲೆಮನೆಗೆ ಹೋದರೆ ಅಲ್ಲಿನವರು ಬೆಲ್ಲದ ಚೂರು. ಯಾರೂ ಜಾಸ್ತಿ ಕೊಟ್ಟಿಲ್ಲ. ಎಲ್ಲರೂ ಕೊಟ್ಟಿದ್ದಾರೆ, ಅಷ್ಟೇ.

ಹಾಗಾಗಿ ಒಂದು ಕೆಲಸ ಮಾಡಿ. ಬೆಳಗ್ಗೆ ಅವನ ಇಡೀ ದಿನದ ಊಟ ಅಳೆದು ಒಂದು ಸ್ಟೀಲ್ ಡಬ್ಬಿಗೆ ಹಾಕಿಡಿ. ಯಾರಿಗೆ ಕೊಡಬೇಕು ಅನ್ನಿಸಿದರೂ ಅದರಿಂದಲೇ ಕೊಡಲಿ. ಡಬ್ಬಿ ಖಾಲಿಯಾದರೆ ಆ ದಿನಕ್ಕೆ ಮುಗಿಯಿತು. ಅಜ್ಜಿಗೂ ಕೊಟ್ಟ ಸಂತೋಷ ಇರುತ್ತದೆ. ಬೇರೆ ಏನಾದರೂ ಬೇಕೇ ಬೇಕು ಅಂದರೆ ಸೌತೆಕಾಯಿ, ಬೇಯಿಸಿದ ಹುರುಳಿಕಾಯಿ ಕೊಡಿ. ಏನೇ ಕೊಟ್ಟರೂ ಮೇಲಿನ ತಿಂಡಿ ದಿನದ ಊಟದ ಹತ್ತರಲ್ಲಿ ಒಂದು ಪಾಲು ದಾಟಬಾರದು. ಸಾರನ್ನ ಮಾತ್ರ ಬೇಡವೇ ಬೇಡ. ಈರುಳ್ಳಿ ನಾಯಿಗೂ ಬೆಕ್ಕಿಗೂ ವಿಷ, ಬೆಂದಿದ್ದರೂ ಅಷ್ಟೇ.

ದಪ್ಪ ಇದ್ದಾನೋ ಇಲ್ಲವೋ ಅಂತ ಕೈಯಲ್ಲೇ ಗೊತ್ತಾಗುತ್ತದೆ. ನಿಮ್ಮ ಒಂದು ಕೈ ಚಾಚಿ, ಇನ್ನೊಂದು ಕೈಯಿಂದ ಅದರ ಬೆರಳುಗಳ ಮೇಲ್ಭಾಗ ಸವರಿ ನೋಡಿ. ಅವನ ಪಕ್ಕೆಲುಬು ಕೈಗೆ ಹಾಗೆ ಸಿಗಬೇಕು. ಅಂಗೈಯ ಮೆತ್ತನೆ ಭಾಗದ ಹಾಗೆ ಇದ್ದು ಎಲುಬು ಒತ್ತಿ ಹುಡುಕಬೇಕಾದರೆ ಕೊಬ್ಬು ಜಾಸ್ತಿ. ಮುಷ್ಟಿ ಹಿಡಿದಾಗ ಎದ್ದು ಕಾಣುವ ಗೆಣ್ಣುಗಳ ಹಾಗೆ ಇದ್ದರೆ ತೀರಾ ಸಣ್ಣ. ಮೇಲಿಂದ ನೋಡಿದರೆ ಸೊಂಟ ಕಾಣಬೇಕು.

ಇನ್ನು ಗ್ರೂಪ್‌ನಲ್ಲಿ ಒಬ್ಬರು "ಎರಡು ದಿನ ಊಟ ನಿಲ್ಲಿಸಿ, ಚಿನ್ನಿಗೂ ಹಾಗೇ ಮಾಡಿ" ಅಂದಿದ್ದಾರಲ್ಲ. ದಯವಿಟ್ಟು ಮಾಡಬೇಡಿ. ಚಿನ್ನಿ ಬೆಕ್ಕು, ಅದೂ ದಪ್ಪ ಬೆಕ್ಕು. ದಪ್ಪ ಬೆಕ್ಕು ಕೆಲವೇ ದಿನ ತಿನ್ನದಿದ್ದರೂ ಮೈಯ ಕೊಬ್ಬು ಲಿವರ್‌ಗೆ ಹೋಗಿ ತುಂಬಿಕೊಳ್ಳಬಹುದು. ಜೀವಕ್ಕೇ ಅಪಾಯ. ಅವಳಿಗೆ ಇಳಿಸುವುದಾದರೆ ಚೂರು ಚೂರೇ. ಒಂದು ದಿನ ಪೂರ್ತಿ ತಿನ್ನದಿದ್ದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಬ್ರೂನೋಗೂ ನಿಧಾನವೇ ಸರಿ. ವಾರಕ್ಕೆ ಮೈತೂಕದ 1ರಿಂದ 2% ಇಳಿದರೆ ಸಾಕು. 40 ಕೆಜಿ ಇದ್ದರೆ ವಾರಕ್ಕೆ ಅರ್ಧ ಕೆಜಿ ಆಸುಪಾಸು. ಮರಿ ಆಗದ ಹಾಗೆ ಮಾಡುವ ಆಪರೇಷನ್ ಆದ ಮೇಲೆ ನಾಯಿಗಳಿಗೆ ಮೊದಲಿನಷ್ಟು ಊಟ ಬೇಕಾಗುವುದಿಲ್ಲ. ಅವನ ಬಟ್ಟಲು ಆಗಿನದೇ ಇರಬೇಕು, ಅಲ್ವಾ? ಥೈರಾಯ್ಡ್ ಕಡಿಮೆ ಇದ್ದರೂ ನಾಯಿ ದಪ್ಪ ಆಗುತ್ತದೆ. ಹಾಗಾಗಿ ಮೊದಲು ಡಾಕ್ಟರಿಗೆ ಒಮ್ಮೆ ತೋರಿಸಿ. ಎಷ್ಟು ಊಟ ಅಂತ ಅವರೇ ಹೇಳಲಿ.

ನಡೆಸುವುದು ಬೆಳಗ್ಗೆ ಬಿಸಿಲು ಏರುವ ಮೊದಲು. ನಾಲೆ ಏರಿ ಮೇಲೆ ಹತ್ತು ನಿಮಿಷದಿಂದ ಶುರು ಮಾಡಿ. ಏದುಸಿರು ಬಂದರೆ ವಾಪಸ್ ಬನ್ನಿ. ಓಡಿಸಬೇಡಿ, ಮಂಡಿಗೆ ಪೆಟ್ಟು ಬೀಳುತ್ತದೆ.

ತೂಕ ನೋಡೋದು ಹೇಗೆ ಅಂತ ಕೇಳಿದಿರಲ್ಲ. ಆಲೆಮನೆಯಲ್ಲಿ ಬೆಲ್ಲ ತೂಗುವ ಮಿಷನ್ ಇದೆಯಲ್ಲ, ಅದರ ಮೇಲೆ ನಿಲ್ಲಿಸಿ. ಚಿನ್ನಿಯನ್ನು ಚೀಲದಲ್ಲಿ ಕೂರಿಸಿ ತೂಗಿ, ಚೀಲದ ತೂಕ ಕಳೆಯಿರಿ. ಸಂಜೆ ಎರಡೂ ನಂಬರ್ ಇಲ್ಲೇ ಹಾಕಿ ದೊಡ್ಡಮ್ಮ. ಭಾನುವಾರ ನಾನೇ ಮಂಡ್ಯಕ್ಕೆ ಬರುತ್ತೇನೆ, ಡಾಕ್ಟರ ಹತ್ತಿರ ಒಟ್ಟಿಗೆ ಹೋಗೋಣ.