ಸಹಾಯ ಬೇಕು: ಹಿಮಕುಸಿತದ ಬಗ್ಗೆ ಅನುಭವ ಇರುವವರು ಯಾರಾದರೂ ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಾನು ಚಿಕ್ಕಮಗಳೂರಿನವಳು. ನನ್ನ ತಮ್ಮ ಮತ್ತು ಅವನ ಮೂವರು ಗೆಳೆಯರು ಮಾರ್ಚ್‌ನಲ್ಲಿ ಮನಾಲಿ ಕಡೆ ಹಿಮದ ಚಾರಣಕ್ಕೆ ಹೊರಟಿದ್ದಾರೆ. ಮುಳ್ಳಯ್ಯನಗಿರಿ, ಎತ್ತಿನಭುಜ ಹತ್ತಿ ಅಭ್ಯಾಸ ಇದೆ ಅಂತ ಧೈರ್ಯ. ಆದರೆ ನಮ್ಮ ಬೆಟ್ಟದಲ್ಲಿ ಹಿಮವೇ ಇಲ್ಲ, ಅಲ್ವಾ?

ನಾನು ಓದಿ ತಿಳಿದಿದ್ದು ಇಷ್ಟು. ಹಿಮ ಪದರ ಪದರವಾಗಿ ಕೂತಿರುತ್ತದೆ. ಕೆಳಗಿನ ಒಂದು ಪದರ ಸಡಿಲವಾಗಿದ್ದರೆ, ಮೇಲಿನದು ಹಲಗೆ ಹಾಗೆ ಒಟ್ಟಿಗೇ ಜಾರುತ್ತದೆ. 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಅಪಾಯ ಜಾಸ್ತಿ. ಹೊಸ ಹಿಮ ಬಿದ್ದ ಮೇಲೆ ಒಂದೆರಡು ದಿನ ಇನ್ನೂ ಜಾಸ್ತಿ. ಕಾಲಿಟ್ಟಾಗ 'ಧುಂ' ಅಂತ ಕುಸಿದ ಸದ್ದು ಬಂದರೆ, ಬಿರುಕು ಓಡಿದರೆ, ಆ ಇಳಿಜಾರು ಬಿಟ್ಟು ಹಿಂದೆ ಸರಿಯಬೇಕಂತೆ. ಹೂತುಹೋದವರನ್ನು ಮೊದಲ ಹದಿನೈದು ನಿಮಿಷದಲ್ಲೇ ತೆಗೆಯಬೇಕು, ಆಮೇಲೆ ಉಳಿಯುವ ಆಸೆ ಬೇಗ ಕಡಿಮೆಯಾಗುತ್ತದೆ. ಹೊರಗಿನ ಸಹಾಯ ಅಷ್ಟರೊಳಗೆ ಬರುವುದಿಲ್ಲ. ಜೊತೆಗಿದ್ದವರೇ ಅಗೆದು ತೆಗೆಯಬೇಕು.

2022ರ ಅಕ್ಟೋಬರ್‌ನಲ್ಲಿ ಉತ್ತರಾಖಂಡದ ದ್ರೌಪದಿ ಕಾ ದಂಡಾ ಶಿಖರದಲ್ಲಿ ಪರ್ವತಾರೋಹಣ ತರಬೇತಿಯಲ್ಲಿದ್ದವರೇ ಹಿಮಕುಸಿತಕ್ಕೆ ಸಿಕ್ಕರು. ಅದನ್ನು ಓದಿದ ಮೇಲೆ ನನಗೆ ನಿದ್ದೆ ಬಂದಿಲ್ಲ.

ಟ್ರಾನ್ಸೀವರ್ (ಹೂತವರನ್ನು ಸಿಗ್ನಲ್‌ನಿಂದ ಪತ್ತೆ ಹಚ್ಚುವ, ಮೈಮೇಲೆ ಕಟ್ಟಿಕೊಳ್ಳುವ ಸಾಧನ), ಪ್ರೋಬ್ (ಹಿಮದೊಳಗೆ ಚುಚ್ಚಿ ಹುಡುಕುವ ಉದ್ದ ಕೋಲು), ಸಲಿಕೆ ನಾಲ್ವರಿಗೂ ಬೇಕು. ಬಾಡಿಗೆಗೆ ಎಲ್ಲಿ ಸಿಗುತ್ತವೆ, ಬೆಂಗಳೂರಲ್ಲೋ ಮನಾಲಿಯಲ್ಲೋ? ಸುಮ್ನೆ ಬ್ಯಾಗಲ್ಲಿ ಇಟ್ಟರೆ ಸಾಲದು, ಬಳಸಲು ಕಲಿಸುವವರೂ ಬೇಕು. ಚಂಡೀಗಢದ ಡಿಜಿಆರ್‌ಇ (ಡಿಆರ್‌ಡಿಒದ ಸಂಶೋಧನಾ ಸಂಸ್ಥೆ) ಕೊಡುವ ಹಿಮಕುಸಿತದ ಮುನ್ಸೂಚನೆಯನ್ನು ಹೇಗೆ ಓದಬೇಕು ಅಂತಲೂ ಯಾರಾದರೂ ಹೇಳಿಕೊಡಿ. ಹಾಸನ, ಸಕಲೇಶಪುರ ಕಡೆಯವರು ಯಾರಾದರೂ ಹೋಗಿ ಬಂದಿದ್ದರೆ ದಯವಿಟ್ಟು ಇಲ್ಲೇ ಬರೆಯಿರಿ. ತಮ್ಮನನ್ನು ಕೂರಿಸಿಕೊಂಡು ಓದಿಸುತ್ತೇನೆ.